ಕಾದ ಖೋಲಿ, ಕಾಯದ ಖೋಲಿ

ಇಂಗ್ಲೆಂಡಿನ ಮನೆ ಅಂದರೆ ಒಲೆಯಿಲ್ಲದೆ, ಹೊಗೆಯಿಲ್ಲದೆ ಮೂಲೆಮೂಲೆಯೂ ಬೆಚ್ಚಗಿರುತ್ತದೆ ಎಂದು ಧಾರವಾಡದಲ್ಲಿ ಕೂತವರು ತಿಳಿದಿರುತ್ತೇವೆ. ಬಾಯ್ಲರು ನೀರು ಕಾಯಿಸುತ್ತದೆ, ಪಂಪು ತಿರುಗಿಸುತ್ತದೆ, ನೀರು ಗೋಡೆಗೆ ಕೂತು ಖೋಲಿ ಕಾಯಿಸುವ ರೇಡಿಯೇಟರುಗಳನ್ನು ಹಾದು, ಆರಿ, ಮತ್ತೆ ಬಾಯ್ಲರಿಗೇ ಬರುತ್ತದೆ. ಕೇಳಲಿಕ್ಕೆ ಚಂದ.

ಮ್ಯಾಂಚೆಸ್ಟರಿನಿಂದ ಮಗಳ ಫೋನು ಬೇರೆಯೇ ಹೇಳಿತು. “ಅಪ್ಪಾ, ಅಡಗಿಮನ್ಯಾಗ ಬೆವರ ಇಳೀತದ, ಮಲಗೋ ಖೋಲ್ಯಾಗ ಹಲ್ಲ ಕಟಕಟ ಅಂತಾವ.” ಅಳಿಯ ಬಾಯ್ಲರಿನ ಬಿಸಿ ಏರಿಸಿದನಂತೆ. ಏರಿದ್ದು ಅಡುಗೆಮನೆಯ ಸೆಕೆ, ಜೊತೆಗೆ ಗ್ಯಾಸಿನ ಬಿಲ್ಲು. ಖೋಲಿಯ ಬಿಸಿ ಅಳೆಯುವ ಥರ್ಮೋಸ್ಟ್ಯಾಟು ಬೇಗ ಕಾಯುವ ಕಡೆಯೇ ಇದ್ದರೆ ಮುಗಿಯಿತು: ಮನೆಯೆಲ್ಲ ಬೆಚ್ಚಗಾಯಿತೆಂದು ಬಾಯ್ಲರನ್ನೇ ಆರಿಸಿಬಿಡುತ್ತದೆ.

ಇದನ್ನು ತಿಳಿಯಲು ಇಂಗ್ಲೆಂಡು ನೋಡಬೇಕಿಲ್ಲ, ನಳದ ನೀರಿಗೆ ಕಾದು ಕೂತಿದ್ದರೆ ಸಾಕು. ಸವದತ್ತಿಯ ರೇಣುಕಾಸಾಗರದಿಂದ ಮಲಪ್ರಭೆ ನಮ್ಮೂರ ಟಾಕಿಗೇನೋ ಬರುತ್ತಾಳೆ. ಆದರೆ ಓಣಿಯ ಇಳಿಜಾರಿನ ಮನೆಗಳಲ್ಲಿ ಕೊಡ ತುಂಬಿ ಅಂಗಳಕ್ಕೆ ಹರಿಯುವಾಗ ದಿಬ್ಬದ ಮೇಲಿನ ನಳ ಬರೀ ಗಾಳಿ ಊದುತ್ತಿರುತ್ತದೆ. ನೀರಿಗೆ ಸಸಾರದ ದಾರಿಯೇ ಬೇಕು. ವಾಲ್‌ಮನ್ ಬಂದು ರಸ್ತೆಯ ಕಬ್ಬಿಣದ ಮುಚ್ಚಳ ಎತ್ತಿ, ಉದ್ದನೆಯ ಚಾವಿ ಇಳಿಸಿ, ತಗ್ಗಿನ ಓಣಿಯ ವಾಲನ್ನು ಒಂದಿಷ್ಟು ಬಿಗಿ ಮಾಡುತ್ತಾನೆ. ಟಾಕಿಯ ನೀರೇನೂ ಹೆಚ್ಚಲಿಲ್ಲ, ಆದರೂ ಮೇಲಿನವರ ಕೊಡ ಸದ್ದು ಮಾಡತೊಡಗುತ್ತದೆ. ತಗ್ಗಿನವರು ಸೆರಗು ಸಿಗಿಸಿಕೊಂಡು ಹೊರಗೆ ಬರುತ್ತಾರೆ. “ನಿಮಗ ಬಂದೇ ಬರತದ ಬಿಡ್ರಿ ಯಕ್ಕಾ, ಸ್ವಲ್ಪ ಸಾವಕಾಶ” ಅನ್ನುತ್ತಾನೆ ಅವನು.

ರೇಡಿಯೇಟರಿನ ಬುಡದಲ್ಲೂ ಎರಡು ವಾಲು. ಅಂಕಿ ಬರೆದದ್ದು ಮನೆಯವರು ತಿರುಗಿಸಲಿಕ್ಕೆ. ಇನ್ನೊಂದು ಪ್ಲಾಸ್ಟಿಕ್ ಟೋಪಿ ಹಾಕಿಕೊಂಡು ಸುಮ್ಮನೆ ಕೂತಿರುತ್ತದೆ. ಲಾಕ್‌ಶೀಲ್ಡ್. ಎಷ್ಟು ನೀರು ಹರಿಯಬೇಕೆಂಬುದರ ಕೀಲಿರುವುದು ಅದರಲ್ಲೇ.

ಅದಕ್ಕೆ ಕೈ ಹಾಕುವ ಮುಂಚೆ ತಡವಿ ನೋಡಬೇಕು. ಮೇಲೆ ತಣ್ಣಗೆ, ಕೆಳಗೆ ಬಿಸಿ ಇದ್ದರೆ ಒಳಗೆ ಗಾಳಿ ಸಿಕ್ಕಿದೆ. ಬಾಯ್ಲರು ಆರಿಸಿ, ತಣ್ಣಗಾದ ಮೇಲೆ, ಕೆಳಗೊಂದು ಅರಿವೆ ಹಿಡಿದು ಮೇಲ್ಮೂಲೆಯ ಗಿಡ್ಡ ತಿರುಪನ್ನು ಸಡಿಲಿಸಿದರೆ ಸುಂಯ್ ಅಂತದೆ. ನೀರು ಜಿನುಗಿದೊಡನೆ ಬಿಗಿ ಮಾಡಬೇಕು. ಆಮೇಲೆ ಬಾಯ್ಲರಿನ ಒತ್ತಡದ ಮುಳ್ಳು ಇಳಿದಿದೆಯೇ ನೋಡಬೇಕು. ಕೆಳನಡುವೆ ಮಾತ್ರ ತಣ್ಣಗಿದ್ದರೆ ತುಕ್ಕಿನ ಕರಿ ರಾಡಿ ಕೂತಿದೆ, ತೊಳೆಸದೆ ಗತಿಯಿಲ್ಲ. ಎರಡೂ ಅಲ್ಲ, ದೂರದವು ಮಾತ್ರ ಕಾಯುತ್ತಿಲ್ಲ ಅಂದರೆ ವಾಲ್‌ಮನ್‌ನ ಕೆಲಸ.

ವಿಡಿಯೋದಲ್ಲಿ ನಾನು ಕೂಗುತ್ತಿದ್ದೆ, ಅಳಿಯ ಸ್ಪ್ಯಾನರು ಹಿಡಿದು ನೆಲಕ್ಕೆ ಕೂತಿದ್ದ. ಮೊದಲು ಬಿಸಿಯಾಗುವ ಅಡುಗೆಮನೆಯದನ್ನು ಪೂರ್ತಿ ಮುಚ್ಚಿ ಕಾಲು ಸುತ್ತು ತೆರೆಯುವುದು, ದೂರ ಹೋದಂತೆ ಇನ್ನಷ್ಟು, ಕಟ್ಟಕಡೆಯದು ಪೂರ್ತಿ. ತಿರುಗಿಸಿ ಸ್ವಲ್ಪ ಹೊತ್ತು ಬಿಡಬೇಕು; ಈ ತಾಳ್ಮೆಯೇ ಯಾರಿಗೂ ಇರುವುದಿಲ್ಲ. “ಅಡುಗೆಮನೆ ತಣ್ಣಗಾದರೆ ಹೆಂಗ್ರಿ ಮಾಮಾ?” ಅಂತ ಅವನ ತಕರಾರು. ಅಲ್ಲಿ ಅಡುಗೆ ಅವನದೇ. ತಣ್ಣಗಾಗುವುದಿಲ್ಲ, ಕಾಯುವುದು ತುಸು ತಡವಾಗುತ್ತದೆ ಅಷ್ಟೇ ಎಂದೆ.

ಮಲಗುವ ಖೋಲಿ ಈಗ ಬೆಚ್ಚಗಿದೆ. ಆದರೆ ತಾನು ಆಫೀಸಿಗೆ ಹೋದಾಗ ಅವನು ಅಡುಗೆಮನೆಯ ಟೋಪಿ ತೆಗೆದು ಅರ್ಧ ಸುತ್ತು ಬಿಟ್ಟುಕೊಳ್ಳುತ್ತಾನೆ ಎಂಬುದು ಮಗಳ ಹೊಸ ದೂರು.