ತನ್ಮಯತೆಯನ್ನು ಮಿದುಳಿನಲ್ಲಿ ತೋರಿಸಬಹುದಾ?

ಪರ

ತೋರಿಸಬಹುದು, ಯಾಕಾಗಲ್ಲ? ಹೊನ್ನಾವರದ ಕಡೆ ಯಕ್ಷಗಾನದ ಆಟ ನೋಡಿದವರಿಗೆ ಗೊತ್ತು. ನಡುರಾತ್ರಿ ದಾಟಿರುತ್ತದೆ, ಮದ್ದಳೆಯವರ ಕಣ್ಣು ವೇಷದವರ ಕಾಲಿನ ಮೇಲೆ, ಬೆರಳು ತನ್ನಷ್ಟಕ್ಕೆ ಓಡುತ್ತಿರುತ್ತದೆ, ಪಕ್ಕದಲ್ಲಿ ಯಾರೋ ತಂದಿಟ್ಟ ಚಾ ತಣ್ಣಗಾಗಿದ್ದೂ ಅವರಿಗೆ ಗೊತ್ತಾಗಿರಲ್ಲ. ಆಗ ತಲೆಯೊಳಗೆ ಏನೋ ಬದಲಾಗಿರಲೇಬೇಕಲ್ವಾ?

2008ರಲ್ಲಿ ಅಮೆರಿಕದ ಚಾರ್ಲ್ಸ್ ಲಿಂಬ್ ಮತ್ತು ಅಲೆನ್ ಬ್ರೌನ್ ಇಂಥದ್ದನ್ನೇ ನೋಡಿದರು. 6 ಜಾಝ್ ಪಿಯಾನೊ ವಾದಕರನ್ನು ಎಂಆರ್‌ಐ ಯಂತ್ರದಲ್ಲಿ ಮಲಗಿಸಿ, ತೊಡೆಯ ಮೇಲೆ ಪುಟ್ಟ ಕೀಬೋರ್ಡ್ ಇಟ್ಟು, ಒಮ್ಮೆ ಬಾಯಿಪಾಠ ಮಾಡಿದ್ದನ್ನು, ಇನ್ನೊಮ್ಮೆ ಮನಸ್ಸಿಗೆ ಬಂದದ್ದನ್ನು ನುಡಿಸಿ ಎಂದರು. ಮನಸ್ಸಿಗೆ ಬಂದ ಹಾಗೆ ನುಡಿಸುವಾಗ ಹಣೆಯ ಹಿಂದಿನ ಮಿದುಳಿನ ಹೊರಮಗ್ಗುಲಿನ ಚಟುವಟಿಕೆ ಇಳಿಯಿತು. ಸರಿಯಾಯ್ತಾ ತಪ್ಪಾಯ್ತಾ ಎಂದು ನಮ್ಮನ್ನು ನಾವೇ ಕಾಯುವುದರಲ್ಲಿ ಅದಕ್ಕೆ ದೊಡ್ಡ ಪಾಲಿದೆ. ನಡುಭಾಗ ಮಾತ್ರ ಚುರುಕಾಯ್ತು. ಕಲಾವಿದರು ‘ಆಗ ನಾನೇ ಇರಲಿಲ್ಲ’ ಅನ್ನುವುದು ಸುಮ್ನೆ ಮಾತಲ್ಲ, ಅದಕ್ಕೊಂದು ಗುರುತು ಸಿಕ್ಕಿದೆ.

ವಿರೋಧ

ಗುರುತು ಸಿಕ್ಕಿದ್ದು ಹೌದು. ಯಾವುದರ ಗುರುತು? 2014ರಲ್ಲಿ ಜರ್ಮನಿಯ ಸಂಶೋಧಕರು ಬಾಯಿಲೆಕ್ಕ ಕೊಟ್ಟು ನೋಡಿದರು, ತೀರಾ ಸುಲಭವೂ ಅಲ್ಲ, ಕಷ್ಟವೂ ಅಲ್ಲ, ಅವರವರ ಕೈಗೆಟಕುವಷ್ಟು. ಜನ ಲೆಕ್ಕದಲ್ಲಿ ಮುಳುಗಿದಾಗ ಹಣೆಯ ಹಿಂದಿನ ನಡುಭಾಗ ಇಳಿದಿತ್ತು. ಜಾಝ್‌ನಲ್ಲಿ ಏರಿದ್ದು ಲೆಕ್ಕದಲ್ಲಿ ಇಳಿಯಿತು! ಹಾಗಾದರೆ ತನ್ಮಯತೆ ಯಾವುದು, ಏರಿದ್ದಾ ಇಳಿದಿದ್ದಾ?

ಯಂತ್ರದ ಕಥೆಯೂ ಅಷ್ಟೇ. ಅದು ಹಿಡಿಯುವುದು ರಕ್ತದ ಆಮ್ಲಜನಕದ ಏರಿಳಿತವನ್ನು, ಅದೂ ಐದಾರು ಸೆಕೆಂಡು ತಡವಾಗಿ. ತಲೆ ಅಲ್ಲಾಡಿಸುವ ಹಾಗಿಲ್ಲ. ಆ ಗದ್ದಲದಲ್ಲಿ ಮಲಗಿದ ಮದ್ದಳೆಯವರಿಗೆ ಭಾಗವತರೂ ಇಲ್ಲ, ವೇಷದವರ ಕಾಲೂ ಇಲ್ಲ. ನೆತ್ತಿಗೆ ತಂತಿ ಅಂಟಿಸಿ ಮಿದುಳಿನ ವಿದ್ಯುತ್ ಅಲೆಗಳನ್ನು ಗೆರೆಯಾಗಿ ಬರೆಯುವ ಇಇಜಿ ತಡ ಮಾಡಲ್ಲ ಅಂತೀರಾ? ದವಡೆ, ಕುತ್ತಿಗೆಯ ಸ್ನಾಯು ಸ್ವಲ್ಪ ಬಿಗಿಯಾದರೂ ಅದರ ಗೆರೆ ಕೆಡುತ್ತದೆ.

ನನಗೆ ಇನ್ನೂ ಜಾಸ್ತಿ ತಲೆ ತಿನ್ನುವುದು ಶಿರಸಿ ಕಡೆಯ ಅಡಿಕೆ ಸುಲಿಯುವವರು. ಮೆಟ್ಟುಗತ್ತಿಯ ಅಲಗಿಗೆ ಕಾಯಿ ಒತ್ತಿ ತಿರುಗಿಸಿದರೆ ಸಿಪ್ಪೆ ಅತ್ತ, ಅಡಿಕೆ ಇತ್ತ. ಬಾಯಲ್ಲಿ ಯಾರದೋ ಮನೆ ಮದುವೆಯ ಸುದ್ದಿ. ಬೆರಳಿಗೆ ಗಾಯವಿಲ್ಲ. ಇಲ್ಲೂ ಕೈಯನ್ನು ಯಾರೂ ಕಾಯುತ್ತಿಲ್ಲ, ಆದರೆ ಇದು ತನ್ಮಯತೆಯೋ ಬರೀ ರೂಢಿಯೋ? ಚಿತ್ರ ನೋಡಿ ಹೇಳಲಾಗದು, ಅವರನ್ನೇ ಕೇಳಬೇಕು. ಆ ಜರ್ಮನಿಯವರೂ ಲೆಕ್ಕ ಮಾಡಿದವರ ಕೈಗೆ ಪ್ರಶ್ನೆಪಟ್ಟಿ ಕೊಟ್ಟು ‘ಹೇಗನಿಸಿತು’ ಎಂದು ಕೇಳಿಯೇ ಇದು ತನ್ಮಯತೆ ಎಂದು ಗುರುತಿಸಿದ್ದು.