ಎರಡು ಕಿಲೋ ಹುಲ್ಲು

ಮೊಬೈಲಿನಲ್ಲಿ ಈಗ ಹುಲ್ಲೂ ಸಿಗುತ್ತದೆ. ಭತ್ತದ ಹುಲ್ಲು, ಎರಡು ಅಂಗುಲಕ್ಕೆ ಕತ್ತರಿಸಿದ್ದು, ಧೂಳಿಲ್ಲದ್ದು, ಅಣಬೆ ಬೆಳೆಯಲು ಯೋಗ್ಯವಾದದ್ದು, ಕಿಲೋ ಲೆಕ್ಕದಲ್ಲಿ. ಅದನ್ನು ಮಂಡ್ಯದ ವಿಳಾಸಕ್ಕೆ ತರಿಸಿಕೊಂಡವರೂ ಇದ್ದಾರೆ, ಅವರಲ್ಲಿ ನಾನೊಬ್ಬ. ವಿಶ್ವೇಶ್ವರಯ್ಯ ನಾಲೆಯ ನೀರು ಹರಿದಲ್ಲೆಲ್ಲ ಕಬ್ಬು, ಕಬ್ಬಿಲ್ಲದಲ್ಲೆಲ್ಲ ಭತ್ತ ಎನ್ನುವಂತಹ ಜಿಲ್ಲೆ ಇದು. ಕೊಯ್ಲಿನ ಕಾಲದಲ್ಲಿ ಹುಲ್ಲು ಹೇರಿದ ಟ್ರ್ಯಾಕ್ಟರಿನ ಹಿಂದೆ ಸಿಕ್ಕಿಕೊಂಡರೆ ಮುಂದಿನ ಊರು ಬರುವವರೆಗೂ ದಾರಿ ಸಿಗುವುದಿಲ್ಲ. ಇಂಥಲ್ಲಿಗೆ ಬೇರೆ ರಾಜ್ಯದಿಂದ ರಟ್ಟಿನ ಪೆಟ್ಟಿಗೆಯಲ್ಲಿ ಹುಲ್ಲು ಬಂದಾಗ, ತಂದುಕೊಟ್ಟ ಹುಡುಗ ಓಟಿಪಿ ಕೇಳುವ ಮೊದಲು ಪೆಟ್ಟಿಗೆಯ ಮೇಲಿನ ಚೀಟಿಯನ್ನು ಎರಡು ಸಲ ಓದಿದ.

ನಗುವವರು ನಗಲಿ. ಮಂಡ್ಯದಲ್ಲಿ ಟ್ರ್ಯಾಕ್ಟರ್ ಲೋಡುಗಟ್ಟಲೆ ಹುಲ್ಲು ಕೊಳ್ಳಬಹುದು, ಯಂತ್ರ ಸುತ್ತಿಕೊಟ್ಟ ರೋಲುಗಳನ್ನು ಎಣಿಸಿ ಕೊಳ್ಳಬಹುದು, ಮೆದೆಗೆ ಮೆದೆಯನ್ನೇ ಮಾತನಾಡಿಕೊಳ್ಳಬಹುದು. ಎರಡು ಕಿಲೋ ಮಾತ್ರ ಕೊಳ್ಳಲಾಗುವುದಿಲ್ಲ. ಅಷ್ಟಕ್ಕೆ ದುಡ್ಡು ತೆಗೆದುಕೊಳ್ಳುವ ರೈತ ಈ ಸೀಮೆಯಲ್ಲಿ ಇನ್ನೂ ಹುಟ್ಟಿಲ್ಲ. ‘ಎತ್ತಿಕೊಂಡು ಹೋಗಿ ಸ್ವಾಮಿ’ ಎನ್ನುತ್ತಾನೆ. ಆದರೆ ಅದರ ಜೊತೆಗೆ ಒಂದು ಲೋಟ ಕಾಫಿ ಕುಡಿಯಬೇಕು, ಮನೆಮಂದಿಯ ಕ್ಷೇಮ ಒಪ್ಪಿಸಬೇಕು, ಹುಲ್ಲೇಕೆಂಬ ವಿವರಣೆ ಕೊಡಬೇಕು. ಪಾಂಡವಪುರದ ಕಡೆಯ ನನ್ನ ಸೋದರಮಾವನನ್ನು ಒಮ್ಮೆ ಫೋನಿನಲ್ಲಿ ಕೇಳಿದ್ದೆ.

‘ಹಸು ಕಟ್ಟಿದ್ದೀಯೇನೋ ಅಳಿಯ?’

‘ಇಲ್ಲ ಮಾವ.’

‘ಮತ್ತೆ ಹುಲ್ಲು ಯಾರಿಗೆ?’

ಅಣಬೆಗೆ ಎಂದೆ. ಆ ಕಡೆ ಬಹಳ ಹೊತ್ತು ಮಾತಿರಲಿಲ್ಲ. ಬೇಸಿಗೆಯ ದಿನ, ಊರಿನ ದನಗಳಿಗೇ ಹುಲ್ಲು ಸಾಲದೆ ಇರುವಾಗ ಪಟ್ಟಣದ ಅಳಿಯ ಅದನ್ನು ಬೇಯಿಸಿ ಬೂಸ್ಟು ಹಿಡಿಸುತ್ತೇನೆ ಎನ್ನುತ್ತಿದ್ದಾನೆ. ಮೊಬೈಲಿನ ಅಂಗಡಿಗೆ ಇದಾವುದೂ ಬೇಕಿಲ್ಲ, ಪಿನ್‌ಕೋಡ್ ಒಂದು ಕೊಟ್ಟರೆ ಸಾಕು. ಅಲ್ಲಿ ಬೆರಣಿಯನ್ನೂ ತೆಂಗಿನ ಚಿಪ್ಪನ್ನೂ ಕೊಳ್ಳುವವರನ್ನು ಆಡಿಕೊಳ್ಳುವುದನ್ನು ನಾನು ಬಿಟ್ಟಿದ್ದೇನೆ. ಅವರು ಕೊಡುತ್ತಿರುವ ಹಣದಲ್ಲಿ ಮುಕ್ಕಾಲು ಪಾಲು ಪ್ರಶ್ನೆ ಕೇಳದೆ ಇರುವುದಕ್ಕೆ. ಮಾವ ಮಾತ್ರ ನಾನು ಕೊಟ್ಟ ಬೆಲೆಯನ್ನು ಕೇಳಿ ತಿಳಿದುಕೊಂಡು, ಅದೇ ದರದಲ್ಲಿ ತನ್ನ ಹಿತ್ತಲಿನ ಮೆದೆಯ ಕಿಮ್ಮತ್ತು ಎಷ್ಟಾಗುತ್ತದೆಂದು ಲೆಕ್ಕ ಹಾಕಿ, ಆಮೇಲೆ ಎರಡು ದಿನ ಮಂಕಾಗಿದ್ದನಂತೆ.

ಹುಲ್ಲಿನ ಮಾತು ಹಾಗಿರಲಿ, ಅಣಬೆ ಬೀಜವನ್ನು ಕೊರಿಯರಿನಲ್ಲಿ ತರಿಸುವುದು ನಿಜಕ್ಕೂ ಧೈರ್ಯದ ಕೆಲಸ. ಅದು ಜೀವಂತ ವಸ್ತು. ಬೇಯಿಸಿದ ಜೋಳದ ಕಾಳಿಗೆ ಸುಣ್ಣದ ಪುಡಿ ಬೆರೆಸಿ, ಪ್ರಯೋಗಾಲಯದಲ್ಲಿ ಅಣಬೆಯ ಎಳೆ ಹಬ್ಬಿಸಿರುತ್ತಾರೆ. ಚೀಲವನ್ನು ಕೈಗೆ ತೆಗೆದುಕೊಂಡರೆ ಒಳಗಿನ ಕಾಳೆಲ್ಲ ಬಿಳಿಯ ನೂಲಿನಲ್ಲಿ ಹೆಣೆದುಕೊಂಡು ಗಟ್ಟಿ ಹೆಂಟೆಯಾಗಿರುತ್ತದೆ. ಬೆರಳಿನಿಂದ ಒತ್ತಿದರೆ ಪುಡಿಪುಡಿಯಾಗಿ ಬಿಡಿಸಿಕೊಳ್ಳುತ್ತದೆ. ಏಪ್ರಿಲ್ ಬಿಸಿಲಿನಲ್ಲಿ ತಗಡಿನ ಗೋದಾಮಿನಲ್ಲಿ ನಾಲ್ಕು ದಿನ ಬಿದ್ದಿದ್ದರೆ ಅದರ ಕಥೆ ಮುಗಿಯಿತು. ಎಲ್ಲಾದರೂ ಹಸಿರು ಕಂಡರೆ ಇಡೀ ಚೀಲವನ್ನೇ ದೂರ ಎಸೆಯಬೇಕು. ಆ ಹಸಿರು ಹೆಚ್ಚಾಗಿ ಟ್ರೈಕೋಡರ್ಮಾ ಎಂಬ ಬೂಸ್ಟು. ಬೇರು ಕೊಳೆಯುವ ರೋಗ ತಡೆಯಲೆಂದು ರೈತರು ಗೊಬ್ಬರದಂಗಡಿಯಲ್ಲಿ ದುಡ್ಡು ಕೊಟ್ಟು ತಂದು ಹೊಲಕ್ಕೆ ಹಾಕುವುದೂ ಟ್ರೈಕೋಡರ್ಮಾವನ್ನೇ. ಶುಂಠಿ ಬೆಳೆಯುವವನ ಬಂಧು ಅಣಬೆ ಬೆಳೆಯುವವನ ದಾಯಾದಿ. ಬೆಂಗಳೂರಿಗೆ ಹೋಗಿಬರುವ ಬೇರೆ ಕೆಲಸವೇನಾದರೂ ಇದ್ದರೆ ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯಿಂದಲೇ ಬೀಜ ತರುವುದು ಮೇಲು.

ಬೀಜದ ಜೊತೆಗೆ ಮೊಬೈಲು ಇನ್ನೂ ಹಲವನ್ನು ತೋರಿಸಿ ಆಸೆ ಹುಟ್ಟಿಸುತ್ತದೆ. ತೇವಾಂಶ ಅಳೆಯುವ ಮೀಟರು ಅವುಗಳಲ್ಲಿ ಒಂದು. ಶೇಕಡಾ 80ರಿಂದ 90ರಷ್ಟು ತೇವಾಂಶ ಇರಬೇಕೆಂಬುದು ನಿಜವೇ, ಆದರೆ ಬಚ್ಚಲುಮನೆಯ ಮೂಲೆಯಲ್ಲಿ ಒದ್ದೆ ಗೋಣಿಚೀಲ ಇಳಿಬಿಟ್ಟವನಿಗೆ ಮೀಟರು ಹೊಸದಾಗಿ ಏನನ್ನೂ ಹೇಳುವುದಿಲ್ಲ. ನೀರು ಚಿಮುಕಿಸುವ ಬಾಟಲಿ ಬೇಕೇ ಬೇಕು. ಹುಲ್ಲು ಬೇಯಿಸಲು ನಮ್ಮಲ್ಲಿ ಹಂಡೆ ಇತ್ತು. ರಾತ್ರಿಯಿಡೀ ನೆನೆಸಿದ ಹುಲ್ಲನ್ನು 80 ಡಿಗ್ರಿಯ ಬಿಸಿನೀರಿನಲ್ಲಿ ಒಂದು ಗಂಟೆ ಅದ್ದಿಡಬೇಕು. ಆಗ ಮನೆಯೆಲ್ಲ ಕೊಟ್ಟಿಗೆಯ ವಾಸನೆ. ಬಸಿದು ಆರಿಸಿದ ಮೇಲೆ ಒಂದು ಹಿಡಿ ಹಿಂಡಿದರೆ ಅಂಗೈ ಒದ್ದೆಯಾಗಬೇಕು, ನೀರು ತೊಟ್ಟಿಕ್ಕಬಾರದು. ಆಮೇಲೆ ಪ್ಲಾಸ್ಟಿಕ್ ಚೀಲದಲ್ಲಿ ಒಂದು ಪದರ ಹುಲ್ಲು, ಒಂದು ಪದರ ಬೀಜ, ಮತ್ತೆ ಹುಲ್ಲು. ಬಾಯಿ ಕಟ್ಟಿ, ಸುತ್ತ ತೂತು ಹೊಡೆದು, ಕತ್ತಲಲ್ಲಿ ಹದಿನೈದಿಪ್ಪತ್ತು ದಿನ. ‘ಹೆಪ್ಪು ಹಾಕಿದ ಹಾಗೆ ಅನ್ನು’ ಎಂದಳು ಅವ್ವ, ಬಾಗಿಲಲ್ಲಿ ನಿಂತು ನೋಡುತ್ತ. ಇಷ್ಟು ಚಿಕ್ಕದಾಗಿ ಹೇಳಿದ ಒಂದು ವಿಡಿಯೋವನ್ನೂ ನಾನು ನೋಡಿರಲಿಲ್ಲ.

ಅವ್ವನಿಗೆ ಚೀಲದಲ್ಲಿ ಬೆಳೆಯುವ ಈ ಚಿಪ್ಪು ಅಣಬೆಯ ಮೇಲೆ ಅಷ್ಟೇನೂ ಗೌರವವಿಲ್ಲ. ಗುಡುಗಿ ಮಳೆಯಾದ ಮೇಲೆ ಹುತ್ತದ ಬಳಿ ಏಳುವುದೇ ಅವಳ ಪ್ರಕಾರ ಅಣಬೆ. ಹುತ್ತದ ಅಣಬೆಯನ್ನು ಬೆಳೆಯುವುದು ಗೆದ್ದಲು. ಅಗಿದ ಸೊಪ್ಪುಸದೆಯನ್ನು ನೆಲದೊಳಗೆ ಪೇರಿಸಿ, ಅದರ ಮೇಲೆ ಶಿಲೀಂಧ್ರ ಬೆಳೆದು ತಿನ್ನುವ ಈ ಕೃಷಿ ಕೋಟ್ಯಂತರ ವರ್ಷ ಹಳೆಯದು. ಮನುಷ್ಯರು ಇದನ್ನು ಗೆದ್ದಲಿನಿಂದ ಬಿಡಿಸಿ ಚೀಲಕ್ಕೆ ಇಳಿಸಿಕೊಳ್ಳಲು ಹೋಗಿ ಕೈಸೋತಿದ್ದಾರೆ. ಅದರ ಬೀಜ ಯಾವ ಮೊಬೈಲಿನಲ್ಲೂ ಸಿಗುವುದಿಲ್ಲ ಎಂದಾಗ ಅವ್ವನ ಮುಖದಲ್ಲಿ ಸಮಾಧಾನ ಕಂಡಿತು.

ಇಷ್ಟಾದರೂ ಸಾರು ಮಾಡಿದರೆ ಬೇಡ ಎನ್ನುವವಳಲ್ಲ. ಮಸಾಲೆ ಅರೆದು, ಮುದ್ದೆಯ ಜೊತೆ, ಕೋಳಿ ಸಾರಿಗೆ ಕೊಡುವ ಮರ್ಯಾದೆಯನ್ನೇ ಕೊಟ್ಟು ಉಣ್ಣುತ್ತಾಳೆ. ಅದಕ್ಕೇ ಸೋಮವಾರ, ಶನಿವಾರ ಮುಟ್ಟುವುದಿಲ್ಲ. ಅಣಬೆಯೂ ಬಾಡೇ ಎಂಬ ಅವಳ ತೀರ್ಪನ್ನು ಮೂಢನಂಬಿಕೆ ಎಂದು ನಾನು ವಾದಿಸಲು ಹೊರಟಿದ್ದೆ, ವಿಜ್ಞಾನ ಅವಳ ಕಡೆಗೇ ವಾಲಿತು. ವಂಶವೃಕ್ಷದಲ್ಲಿ ಶಿಲೀಂಧ್ರಗಳು ಗಿಡಮರಗಳಿಗಿಂತ ಪ್ರಾಣಿಗಳಿಗೇ ಹತ್ತಿರ. ಅಣಬೆಯ ಜೀವಕೋಶದ ಗೋಡೆಯಲ್ಲಿರುವ ಕೈಟಿನ್ ಎಂಬ ವಸ್ತು ಏಡಿಯ ಚಿಪ್ಪಿನಲ್ಲೂ ಇದೆ. ನಾವು ಯಕೃತ್ತಿನಲ್ಲಿ ಸಕ್ಕರೆಯನ್ನು ಗ್ಲೈಕೋಜನ್ ರೂಪದಲ್ಲಿ ಕೂಡಿಡುವಂತೆ ಅಣಬೆಯೂ ಕೂಡಿಡುತ್ತದೆ, ಗಿಡಗಳ ಹಾಗೆ ಪಿಷ್ಟವನ್ನಲ್ಲ.

ತೊಂದರೆ ಎಂದರೆ ಅಣಬೆ ವಾರ ನೋಡಿ ಬರುವುದಿಲ್ಲ. ಗುಂಡುಸೂಜಿಯ ತಲೆಯಷ್ಟು ಮೊಗ್ಗು ಕಂಡ ಮೂರು ನಾಲ್ಕು ದಿನಕ್ಕೆ ಗೊಂಚಲು ಗೊಂಚಲಾಗಿ ಒಟ್ಟಿಗೇ ತಯಾರಾಗುತ್ತದೆ. ಅಂಚು ಮೇಲಕ್ಕೆ ಸುರುಳಿಯಾಗುವ ಮೊದಲೇ ಕೊಯ್ಯಬೇಕು, ತಡವಾದರೆ ಬೀಜಕಗಳ ಬಿಳಿಪುಡಿ ಉದುರಿ ಮನೆಮಂದಿಗೆಲ್ಲ ಕೆಮ್ಮು. ಹಾಗಾಗಿ ಶನಿವಾರದ ಫಸಲೆಲ್ಲ ಪಕ್ಕದ ಮನೆಗೆ ಹೋಗುತ್ತದೆ. ಅವರು ಮೊಟ್ಟೆಯನ್ನೂ ಒಳಗೆ ಬಿಟ್ಟುಕೊಳ್ಳದವರು. ಪಲಾವು ಮಾಡಿ, ಪಾತ್ರೆ ಹಿಂತಿರುಗಿಸುವಾಗ ‘ಎಷ್ಟು ಒಳ್ಳೆಯ ತರಕಾರಿ’ ಎಂದು ಹೊಗಳಿ ಹೋಗುತ್ತಾರೆ. ಏಡಿಯ ಚಿಪ್ಪಿನ ವಿಷಯವನ್ನು ನಾನು ಅವರಿಗೆ ಹೇಳಲು ಹೋಗಿಲ್ಲ. ಅವ್ವನಿಗೂ ಹೇಳಬೇಡವೆಂದಿದ್ದೇನೆ.