ಹಚ್ಚೆ ಹಾಕಿಸಿಕೊಂಡ ಯಹೂದಿಗೂ ಸ್ಮಶಾನದಲ್ಲಿ ಜಾಗ ಇದೆ

ಯಹೂದಿ ಧರ್ಮ ಮತ್ತು ಟ್ಯಾಟೂ ಅಂದ ಕೂಡಲೇ ಬರುವ ಮಾತು ಒಂದೇ. "ಹಚ್ಚೆ ಇದ್ದರೆ ಅವರನ್ನು ಯಹೂದಿ ಸ್ಮಶಾನದಲ್ಲಿ ಮಣ್ಣು ಮಾಡೋದಿಲ್ಲವಂತೆ." ಅಮೆರಿಕದ ಟಿವಿ ಹಾಸ್ಯ ಧಾರಾವಾಹಿಗಳಲ್ಲೂ ಇದು ಬಂದಿದೆ. ಎಷ್ಟೋ ಯಹೂದಿ ಮನೆಗಳಲ್ಲಿ ಅಪ್ಪ ಅಮ್ಮಂದಿರೇ ಮಕ್ಕಳಿಗೆ ಹೀಗೆ ಹೇಳಿ ಬೆಳೆಸಿದ್ದಾರೆ. ಇದು ಸುಳ್ಳು. ಅವರ ಧರ್ಮಶಾಸ್ತ್ರದಲ್ಲಿ ಎಲ್ಲೂ ಇಂಥ ನಿಯಮ ಇಲ್ಲ.

ಹಚ್ಚೆ ಹಾಕಿಸಿಕೊಳ್ಳಬಾರದು ಎಂಬ ನಿಷೇಧ ಮಾತ್ರ ನಿಜ. ಆದರೆ ಒಂದು ಕೆಲಸವನ್ನು ತಪ್ಪು ಅನ್ನುವುದೇ ಬೇರೆ, ಅದನ್ನು ಮಾಡಿದವರನ್ನು ಹೊರಗೆ ಹಾಕುವುದೇ ಬೇರೆ. ಈ ವ್ಯತ್ಯಾಸವನ್ನು ರಬ್ಬಿಗಳು, ಅಂದರೆ ಯಹೂದಿ ಧರ್ಮಗುರುಗಳು, ಎರಡು ಸಾವಿರ ವರ್ಷ ಎಚ್ಚರದಿಂದ ಕಾಪಾಡಿಕೊಂಡು ಬಂದಿದ್ದಾರೆ. ಜನರ ಬಾಯಲ್ಲಿ ಅದು ಕಳೆದುಹೋಗಿದೆ ಅನ್ನುವುದೇ ನನ್ನ ಬೇಸರ.

ಮೂಲ ಇರುವುದು ಅವರ ಮೂಲ ಧರ್ಮಗ್ರಂಥವಾದ ಟೋರಾದ ಯಾಜಕಕಾಂಡದ 19ನೇ ಅಧ್ಯಾಯದ 28ನೇ ವಚನದಲ್ಲಿ. ಸತ್ತವರಿಗಾಗಿ ಮೈಯನ್ನು ಗಾಯ ಮಾಡಿಕೊಳ್ಳಬೇಡಿ, ಮೈಮೇಲೆ ಹಚ್ಚೆ ಚುಚ್ಚಿಸಿಕೊಳ್ಳಬೇಡಿ, ನಾನು ಯೆಹೋವ. ಇಷ್ಟೇ. ಕಾರಣ ಹೇಳಿಲ್ಲ. ಸುಮಾರು ಕ್ರಿ.ಶ. 200ರ ಹೊತ್ತಿಗೆ ಸಿದ್ಧವಾದ ಮಿಷ್ನಾ ಎಂಬ ಯಹೂದಿ ಶಾಸ್ತ್ರಸಂಗ್ರಹ ಇದನ್ನು ಬಿಡಿಸಿ ನೋಡುತ್ತದೆ. ಬರೀ ಚರ್ಮದ ಮೇಲೆ ಬರೆದರೆ ತಪ್ಪಿತಸ್ಥನಲ್ಲ. ಬರೀ ಚುಚ್ಚಿದರೂ ಅಲ್ಲ. ಚುಚ್ಚಿ, ಒಳಗೆ ಶಾಯಿಯನ್ನೋ ಕಾಡಿಗೆಯನ್ನೋ ತುಂಬಿ, ಅಳಿಸಲಾಗದ ಗುರುತು ಮಾಡಿದರೆ ಮಾತ್ರ ಶಿಕ್ಷೆ. ಅದರಲ್ಲೇ ರಬ್ಬಿ ಶಿಮೋನರ ಹೆಸರಿನಲ್ಲಿ ಇನ್ನೊಂದು ಅಭಿಪ್ರಾಯವೂ ಇದೆ: ದೇವರ ಹೆಸರನ್ನು ಬರೆಸಿಕೊಂಡರೆ ಮಾತ್ರ ಅದು ಶಿಕ್ಷೆಗೆ ತಕ್ಕ ಅಪರಾಧ. ಅಂದರೆ ಆಗಿನ ಕಾಲದಲ್ಲೇ ವಾದ ವಿವಾದ ಇತ್ತು.

ಈ ಕಾರಣಕ್ಕೇ ಮದರಂಗಿಗೆ ಯಾವ ಅಡ್ಡಿಯೂ ಇಲ್ಲ. ಯೆಮೆನ್ ಮತ್ತು ಮೊರಾಕ್ಕೋದ ಯಹೂದಿಗಳೂ, ನಮ್ಮ ಕೊಂಕಣ ಕರಾವಳಿಯ ಬೆನೆ ಇಸ್ರೇಲ್ ಯಹೂದಿಗಳೂ ಮದುವೆಗೆ ಮೊದಲು ಮದರಂಗಿ ಶಾಸ್ತ್ರ ಮಾಡುತ್ತಾರೆ.

ಹಾಗಾದರೆ ಹಚ್ಚೆಗೆ ಯಾಕೆ ಅಷ್ಟು ವಿರೋಧ? 12ನೇ ಶತಮಾನದ ಯಹೂದಿ ವಿದ್ವಾಂಸ ಮೈಮೋನಿಡೀಸ್ ಹೇಳುವಂತೆ, ಅದು ವಿಗ್ರಹ ಪೂಜೆ ಮಾಡುವವರ ಪದ್ಧತಿ. ತಾವು ಆ ದೇವರಿಗೆ ಮಾರಿಕೊಂಡ ಗುಲಾಮರು ಎಂದು ತೋರಿಸಲು ಅವರು ಮೈಮೇಲೆ ಗುರುತು ಹಾಕಿಸಿಕೊಳ್ಳುತ್ತಿದ್ದರು. ಗುಲಾಮ ಎಂಬ ಮಾತು ಇಲ್ಲಿ ಸುಮ್ನೆ ಬಂದದ್ದಲ್ಲ. ಈಜಿಪ್ಟಿನ ನೈಲ್ ನದಿಯಲ್ಲಿ ಎಲಿಫಾಂಟೀನ್ ಎಂಬ ದ್ವೀಪವಿದೆ. ಅಲ್ಲಿ ಯಹೂದಿ ಸೈನಿಕರ ಕುಟುಂಬಗಳು ವಾಸವಾಗಿದ್ದವು. ಕ್ರಿ.ಪೂ. 410ರಲ್ಲಿ ಮಿಬ್ತಹ್ಯಾ ಎಂಬ ಹೆಂಗಸಿನ ಇಬ್ಬರು ಗಂಡುಮಕ್ಕಳು ತಾಯಿಯ ಗುಲಾಮರನ್ನು ಪಾಲು ಮಾಡಿಕೊಂಡ ಪತ್ರ ಅಲ್ಲಿ ಸಿಕ್ಕಿದೆ. ಗುಲಾಮನ ಬಲಗೈ ಮೇಲೆ 'ಮಿಬ್ತಹ್ಯಾಳದು' ಎಂದು ಅರಮಾಯಿಕ್ ಅಕ್ಷರದಲ್ಲಿ ಗುರುತು ಹಾಕಲಾಗಿದೆ ಎಂದು ಅದರಲ್ಲಿ ದಾಖಲಾಗಿದೆ. ಒಡತಿ ಯಹೂದಿ, ಗುರುತು ಆಳಿನ ಮೈಮೇಲೆ. ಗುಲಾಮಗಿರಿಯ ಈ ಗುರುತೇ ನಿಷೇಧದ ಹಿಂದಿದೆ ಅಂತ ಇತ್ತೀಚಿನ ಕೆಲವು ಸಂಶೋಧಕರು ವಾದಿಸುತ್ತಾರೆ. ಈಜಿಪ್ಟಿನ ದಾಸ್ಯದಿಂದ ಬಿಡಿಸಿಕೊಂಡು ಬಂದೆವು ಎಂಬುದನ್ನೇ ತಮ್ಮ ಕಥೆಯ ನಡುಗಂಬ ಮಾಡಿಕೊಂಡ ಜನ ಅವರು. ಮೈಮೇಲೆ ಒಡೆಯನ ಗುರುತು ಬೇಡ ಅಂದದ್ದು ನನಗೆ ಸಹಜ ಅನ್ನಿಸುತ್ತದೆ. ಆದರೂ ಪ್ರವಾದಿ ಯೆಶಾಯನ ಗ್ರಂಥದ 44ನೇ ಅಧ್ಯಾಯದಲ್ಲಿ ಒಬ್ಬ ತನ್ನ ಕೈಮೇಲೆ 'ನಾನು ಯೆಹೋವನವನು' ಎಂದು ಬರೆದುಕೊಳ್ಳುವ ಮಾತು ಬರುತ್ತದೆ, ಅದೂ ಹೊಗಳಿಕೆಯ ಧಾಟಿಯಲ್ಲಿ.

ವಚನದ ಮೊದಲ ಅರ್ಧವನ್ನು ನಾವು ಬೇಗ ದಾಟಿಬಿಡುತ್ತೇವೆ. ನನ್ನನ್ನು ಜಾಸ್ತಿ ತಟ್ಟುವುದು ಅದೇ. ಸತ್ತವರಿಗಾಗಿ ಮೈ ಕೊಯ್ದುಕೊಳ್ಳುವುದು ಆ ಸೀಮೆಯಲ್ಲಿ ರೂಢಿಯಾಗಿತ್ತು. ಅದನ್ನು ಬೇಡ ಅಂದ ಧರ್ಮ ದುಃಖವನ್ನು ಅಡಗಿಸಿಕೊಳ್ಳಿ ಅನ್ನಲಿಲ್ಲ. ಚರ್ಮದ ಬದಲು ಬಟ್ಟೆ ಹರಿದುಕೊಳ್ಳಿ ಅಂದಿತು. ಈಗಲೂ ತಂದೆ ತಾಯಿ ತೀರಿಕೊಂಡರೆ ಮಕ್ಕಳು ಎದ್ದು ನಿಂತು, ಎಡಗಡೆ, ಎದೆಯ ಮೇಲಿನ ಬಟ್ಟೆಯನ್ನು ಹರಿದುಕೊಳ್ಳುತ್ತಾರೆ. ಇದಕ್ಕೆ ಕ್ರಿಯಾ ಎನ್ನುತ್ತಾರೆ. ಆಮೇಲೆ ಏಳು ದಿನ ಮನೆಯಲ್ಲೇ ಕೂರುತ್ತಾರೆ. ನೆಂಟರು, ನೆರೆಯವರು ಊಟ ತಂದು ಕೊಡುತ್ತಾರೆ. ಮೂವತ್ತು ದಿನಕ್ಕೆ ಇನ್ನೊಂದು ಹಂತ ಮುಗಿಯುತ್ತದೆ. ತಂದೆ ತಾಯಿಗಾದರೆ ಹನ್ನೆರಡು ತಿಂಗಳು. ದುಃಖಕ್ಕೆ ಇಷ್ಟು ಜಾಗ ಕೊಟ್ಟು, ಮೈಯನ್ನು ಮಾತ್ರ ಉಳಿಸಿಕೊಳ್ಳಿ ಅನ್ನುವುದರಲ್ಲಿ ದೊಡ್ಡ ಕರುಣೆ ಇದೆ.

ಇನ್ನು ಸ್ಮಶಾನದ ಮಾತಿಗೆ ಬರುತ್ತೇನೆ. ವಾರದ ವಿಶ್ರಾಂತಿಯ ದಿನವಾದ ಸಬ್ಬತ್‌ನಂದು ಕೆಲಸ ಮಾಡುವುದು ಟೋರಾದಲ್ಲಿ ಇದಕ್ಕಿಂತ ಎಷ್ಟೋ ಗಂಭೀರ ತಪ್ಪು. ಹಂದಿ ಮಾಂಸ ತಿನ್ನುವುದೂ ನಿಷಿದ್ಧ. ಇವನ್ನು ಮಾಡಿದವರಿಗೆ ಸ್ಮಶಾನದಲ್ಲಿ ಜಾಗ ಇಲ್ಲ ಅಂತ ಯಾರೂ ಹೇಳುವುದಿಲ್ಲ. ಹಚ್ಚೆಗೆ ಮಾತ್ರ ಯಾಕೆ? ಅದು ಕಣ್ಣಿಗೆ ಕಾಣುತ್ತದೆ, ಅಳಿಸಿ ಹೋಗುವುದಿಲ್ಲ, ಹೆದರಿಸಲು ಅನುಕೂಲ. ಯಹೂದಿಗಳ ಮಧ್ಯಮಮಾರ್ಗಿ ಪಂಥವಾದ ಕನ್ಸರ್ವೇಟಿವ್ ಪಂಥದ ರಬ್ಬಿ ಆಲನ್ ಲೂಕಸ್ 1997ರಲ್ಲಿ ಬರೆದ ತೀರ್ಪು ಸ್ಪಷ್ಟವಾಗಿದೆ: ಹಚ್ಚೆ ನಿಷಿದ್ಧವೇ, ಆದರೆ ಹಾಕಿಸಿಕೊಂಡವರನ್ನು ಯಹೂದಿ ಸ್ಮಶಾನದಲ್ಲಿ ಹೂಳಬಹುದು, ಸಿನಗಾಗ್‌ನ (ಯಹೂದಿ ಪ್ರಾರ್ಥನಾ ಮಂದಿರದ) ಎಲ್ಲ ಆಚರಣೆಗಳಲ್ಲೂ ಅವರು ಪೂರ್ತಿ ಭಾಗವಹಿಸಬಹುದು. ಸಂಪ್ರದಾಯಸ್ಥರಾದ ಆರ್ಥೊಡಾಕ್ಸ್ ರಬ್ಬಿಗಳೂ ಸ್ಮಶಾನದ ಈ ನಂಬಿಕೆಗೆ ಆಧಾರ ಇಲ್ಲ ಅಂತಲೇ ಹೇಳುತ್ತಾರೆ.

ಬಲವಂತದ ಹಚ್ಚೆಯಂತೂ ತಪ್ಪೇ ಅಲ್ಲ. 16ನೇ ಶತಮಾನದಲ್ಲಿ ಯೋಸೆಫ್ ಕಾರೋ ಬರೆದ ಶುಲ್ಖಾನ್ ಅರೂಖ್ ಎಂಬ ಧರ್ಮಶಾಸ್ತ್ರ ಗ್ರಂಥ ಕೂಡ, ಬೇರೆಯವರು ಚುಚ್ಚಿದಾಗ ತಾನೇ ನೆರವಾಗದಿದ್ದರೆ ಅವನ ಮೇಲೆ ಹೊಣೆ ಇಲ್ಲ ಅನ್ನುತ್ತದೆ. ನಾನೂರು ವರ್ಷ ಕಳೆಯುವಷ್ಟರಲ್ಲಿ ಆ ಸಾಲಿಗೆ ಎಂಥ ಭಾರ ಬರಲಿದೆ ಎಂಬುದು ಕಾರೋಗೆ ಗೊತ್ತಿರಲು ಸಾಧ್ಯವಿರಲಿಲ್ಲ. ಎರಡನೇ ಮಹಾಯುದ್ಧದ ಕಾಲದ ನಾಜಿಗಳ ಸೆರೆಶಿಬಿರ ಆಶ್‌ವಿಟ್ಸ್‌ನಲ್ಲಿ ಕೈದಿಗಳ ಮೈಮೇಲೆ ಸಂಖ್ಯೆ ಹಾಕುತ್ತಿದ್ದರು. ಅಲ್ಲಿ ಕೊಟ್ಟ ಸಂಖ್ಯೆಗಳು ನಾಲ್ಕು ಲಕ್ಷಕ್ಕಿಂತ ಜಾಸ್ತಿ. 1941ರಲ್ಲಿ ಸೋವಿಯತ್ ಯುದ್ಧಕೈದಿಗಳ ಎದೆಯ ಮೇಲೆ ಅಚ್ಚು ಒತ್ತುವುದರಿಂದ ಇದು ಶುರುವಾಯಿತು. ಆಮೇಲೆ ಸೂಜಿಯಿಂದ ಎಡ ಮುಂಗೈಗೆ ಚುಚ್ಚತೊಡಗಿದರು. ರೈಲಿಳಿದ ಕೂಡಲೇ ಅನಿಲ ಕೋಣೆಗೆ ಕಳಿಸಿದವರಿಗೆ ಸಂಖ್ಯೆಯನ್ನೂ ಕೊಡಲಿಲ್ಲ. ಅಲ್ಲಿಂದ ಬದುಕಿ ಬಂದ ಇಟಲಿಯ ಯಹೂದಿ ಲೇಖಕ ಪ್ರೀಮೊ ಲೆವಿಯ ಸಂಖ್ಯೆ 174517. ಅವರು 1987ರಲ್ಲಿ ತೀರಿಕೊಂಡರು. ಟ್ಯೂರಿನ್ ನಗರದ ಸ್ಮಶಾನದ ಯಹೂದಿ ಭಾಗದಲ್ಲಿ ಅವರ ಸಮಾಧಿ ಇದೆ. ಕಲ್ಲಿನ ಮೇಲೆ ಹೆಸರಿನ ಜೊತೆ ಆ ಸಂಖ್ಯೆಯನ್ನೇ ಕೆತ್ತಿದ್ದಾರೆ. ಹಚ್ಚೆ ಇದ್ದರೆ ಜಾಗ ಇಲ್ಲ ಅನ್ನುವವರು ಆ ಕಲ್ಲನ್ನು ಒಮ್ಮೆ ನೋಡಬೇಕು.

ಯುದ್ಧ ಮುಗಿದ ಮೇಲೆ ಇನ್ನೊಂದು ಪ್ರಶ್ನೆ ಎದ್ದಿತು. ಆ ಸಂಖ್ಯೆಯನ್ನು ಶಸ್ತ್ರಚಿಕಿತ್ಸೆ ಮಾಡಿಸಿ ತೆಗೆಸಬಹುದೇ? ಲಿಥುವೇನಿಯಾದ ಕೌನಾಸ್‌ನಲ್ಲಿ ನಾಜಿಗಳು ಯಹೂದಿಗಳನ್ನು ಕೂಡಿಹಾಕಿದ್ದ ಘೆಟ್ಟೋದಲ್ಲಿ ಬದುಕುಳಿದ ರಬ್ಬಿ ಎಫ್ರಾಯಿಮ್ ಓಶ್ರಿ, ತೆಗೆಸಬೇಡಿ, ಅದು ನಾಚಿಕೆಯಲ್ಲ, ಗೌರವದ ಗುರುತು ಎಂದರು. ಅವರ ಬಗ್ಗೆ ನನಗೆ ತುಂಬ ಗೌರವ ಇದೆ. ಆದರೆ ಇಲ್ಲಿ ನಾನು ಒಪ್ಪುವುದಿಲ್ಲ. ಆ ಮುಂಗೈ ಯಾರದೋ ತೀರ್ಮಾನವೂ ಅವರದೇ. ಒಮ್ಮೆ ಅವರನ್ನು ಕೇಳದೆ ಚುಚ್ಚಿದ್ದಾರೆ. ಎರಡನೇ ಸಲವಾದರೂ ಅವರ ಮಾತೇ ನಡೆಯಬೇಕು ಅಲ್ವಾ?

ಮೈಯನ್ನು ಬದಲಿಸುವುದಕ್ಕೆಲ್ಲ ಈ ಧರ್ಮ ವಿರೋಧಿ ಅಂತಲೂ ತಿಳಿಯಬಾರದು. ಎಂಟನೇ ದಿನದ ಸುನ್ನತಿ ಕಡ್ಡಾಯ. ಅಬ್ರಹಾಮನ ಸೇವಕ ರೆಬೆಕ್ಕಳಿಗೆ ಬಂಗಾರದ ಮೂಗುತಿ ಕೊಟ್ಟ ಕಥೆ ಆದಿಕಾಂಡದಲ್ಲಿದೆ, ಆದ್ದರಿಂದ ಕಿವಿ ಮೂಗು ಚುಚ್ಚಿಸುವುದಕ್ಕೆ ದೊಡ್ಡ ತಕರಾರಿಲ್ಲ. ಪ್ಲಾಸ್ಟಿಕ್ ಸರ್ಜರಿ ವಿಷಯದಲ್ಲಿ ರಬ್ಬಿ ಮೋಶೆ ಫೈನ್‌ಸ್ಟೈನ್ ಒಬ್ಬ ಹುಡುಗಿಗೆ ಒಪ್ಪಿಗೆ ಕೊಟ್ಟರು, ರಬ್ಬಿ ಎಲಿಯೆಜರ್ ವಾಲ್ಡೆನ್‌ಬರ್ಗ್ ಬಲವಾಗಿ ವಿರೋಧಿಸಿದರು. ಕ್ಯಾನ್ಸರ್‌ಗೆ ರೇಡಿಯೇಷನ್ ಕೊಡುವಾಗ ಜಾಗ ಗುರುತಿಸಲು ಇಡುವ ಚುಕ್ಕಿಗಳಿಗೆ ಅಡ್ಡಿ ಇಲ್ಲ.

ಇವತ್ತು ಇಸ್ರೇಲ್‌ನಲ್ಲಿ ಕೆಲವು ಮೊಮ್ಮಕ್ಕಳು ಅಜ್ಜ ಅಜ್ಜಿಯ ಆಶ್‌ವಿಟ್ಸ್ ಸಂಖ್ಯೆಯನ್ನು ತಮ್ಮ ಕೈಮೇಲೆ ಹಾಕಿಸಿಕೊಂಡಿದ್ದಾರೆ. 2023ರ ಅಕ್ಟೋಬರ್ 7ರಂದು ಇಸ್ರೇಲ್ ಮೇಲೆ ಹಮಾಸ್ ನಡೆಸಿದ ದಾಳಿಯ ನಂತರ ಅನೇಕರು ಆ ದಿನಾಂಕವನ್ನೋ ಸತ್ತವರ ಹೆಸರನ್ನೋ ಹಚ್ಚೆ ಹಾಕಿಸಿಕೊಂಡರು. ಸತ್ತವರಿಗಾಗಿ ಮೈಮೇಲೆ ಗುರುತು, ಅಂದರೆ ಆ ವಚನ ಬೇಡ ಅಂದದ್ದಕ್ಕೆ ತೀರ ಹತ್ತಿರದ್ದು. ಶಾಸ್ತ್ರವನ್ನು ನಂಬುವ ರಬ್ಬಿ ಇದನ್ನು ಒಪ್ಪಲಾರ, ಅದು ಅವರ ಹಕ್ಕು. ಆದರೆ ಅದೇ ರಬ್ಬಿ ಹಾಗೆ ಹಾಕಿಸಿಕೊಂಡ ಹುಡುಗನ ಹಚ್ಚೆಯ ಕೈಗೆ ತೆಫಿಲಿನ್ (ಪ್ರಾರ್ಥನೆಯ ವೇಳೆ ಕಟ್ಟುವ, ಟೋರಾದ ಸಾಲುಗಳಿರುವ ಚರ್ಮದ ಪುಟ್ಟ ಪೆಟ್ಟಿಗೆ) ಕಟ್ಟಿಸಬಹುದು, ಟೋರಾ ಓದುವಾಗ ಅವನ ಹೆಸರು ಕರೆಯಬಹುದು. ಇದಕ್ಕೆ ಶಾಸ್ತ್ರದಲ್ಲಿ ಯಾವ ಅಡ್ಡಿಯೂ ಇಲ್ಲ. ಇದು ಗೊತ್ತಿಲ್ಲದೆ, ತನಗಿನ್ನು ಅಲ್ಲಿ ಜಾಗ ಇಲ್ಲ ಅಂದುಕೊಂಡು ಸಿನಗಾಗ್‌ನಿಂದ ದೂರ ಉಳಿದಿರುವ ಯಾರಾದರೂ ನಿಮ್ಮ ಪರಿಚಯದಲ್ಲಿದ್ದರೆ ದಯವಿಟ್ಟು ಅವರಿಗೆ ಹೇಳಿ.